ಸಭೆಯ ವರುಷದ ವೇದಪಾಠಗಳನ್ನು ಕೇಳುವ ಕ್ರಮ

ಈ ಪಾಠವನ್ನು ಓದುವುದಕ್ಕೆ ಮೊದಲು ನಿಮ್ಮ ಸತ್ಯವೇದವನ್ನು ತೆರೆದು, ನೆಹೆಮೀಯನ ಗ್ರಂಥದ 8ನೆಯ ಅಧ್ಯಾಯದ ಮೊದಲಿನ 12 ವಚನಗಳನ್ನೂ ಲೂಕನ ಸುವಾರ್ತೆಯ 4ನೆಯ ಅಧ್ಯಾಯದ 16ರಿಂದ 30ರ ವರೆಗಿನ ವಚನಗಳನ್ನೂ ನಿಧಾನವಾಗಿ ಓದಿಕೊಳ್ಳಿರಿ. ಓದಲು ಬಾರದವರು ಮನೆಯ ಮಕ್ಕಳಿಂದ ಓದಿಸಿ ಕೇಳಿರಿ.

ಆದಿತ್ಯವಾರದ ಆರಾಧನೆಯಲ್ಲಿ ಹಳೆಯ ಒಡಂಬಡಿಕೆಯಿಂದ ಒಂದು ಭಾಗವೂ, ಒಂದು ಕೀರ್ತನೆಯೂ, ಅಪೊಸ್ತಲರ ಪತ್ರಿಕೆಗಳಿಂದ ಒಂದು ಭಾಗವೂ, ಸುವಾರ್ತೆಯಿಂದ ಒಂದು ಭಾಗವೂ ಓದಲ್ಪಡುವುದನ್ನು ನಾವು ಬಲ್ಲೆವು. ಅನೇಕ ಸಭೆಗಳಲ್ಲಿ ಈ ಭಾಗಗಳು ಆ ದಿನಕ್ಕೆಂದು ಮುಂಚೆಯೇ ನೇಮಕವಾಗಿರುತ್ತವೆ. ಆದರೂ ನಮ್ಮಲ್ಲಿ ಕೆಲವರು ಪ್ರಸಂಗ ಇನ್ನೂ ಆರಂಭವಾಗಲಿಲ್ಲವೆಂದು ಪಾಠ ಓದುವ ಹೊತ್ತಿನಲ್ಲಿ ದೇವಾಲಯದ ಹೊರಗೆ ಮಾತಾಡುತ್ತಾ ನಿಲ್ಲುವುದುಂಟು. ಬೇರೆ ಕೆಲವರು, ನಮ್ಮ ಕಷ್ಟಕ್ಕೆ ತಕ್ಕ ವಾಕ್ಯವನ್ನು ಓದದೆ ಇನ್ನೇನನ್ನೋ ಓದಿದರಲ್ಲಾ ಎಂದು ಬೇಸರಪಡುವುದುಂಟು. ಹೀಗಿರಲಾಗಿ, ವರುಷವೆಲ್ಲಾ ನೇಮಕವಾದ ಪಾಠಗಳನ್ನು ಓದುವುದರಿಂದ ನಮಗೆ ಆಗುವ ಪ್ರಯೋಜನವೇನು, ಅವುಗಳನ್ನು ಹೇಗೆ ಕೇಳತಕ್ಕದ್ದು, ಎಂಬುದನ್ನು ಕುರಿತು ಸ್ವಲ್ಪ ವಿಚಾರಿಸೋಣ.

1. ಈ ವಾಡಿಕೆಯ ಮೂಲ

ವೇದವನ್ನು ಜನರ ಮುಂದೆ ಗಟ್ಟಿಯಾಗಿ ಓದುವುದು ದೇವಜನರಲ್ಲಿ ಬಹು ಪೂರ್ವದಿಂದ ಬಂದ ಕ್ರಮ. ಸೆರೆಯಿಂದ ಹಿಂದಿರುಗಿದ ಇಸ್ರಾಯೇಲ್ಯರು ಏಳನೆಯ ತಿಂಗಳಿನ ಮೊದಲನೆಯ ದಿನದಲ್ಲಿ ಯೆರೂಸಲೇಮಿನ ನೀರುಬಾಗಿಲ ಮುಂದಣ ಬೈಲಿನಲ್ಲಿ ಕೂಡಿಬಂದಾಗ, ಎಜ್ರನು ಬೆಳಗಿನಿಂದ ಮಧ್ಯಾಹ್ನದ ವರೆಗೆ ಧರ್ಮಶಾಸ್ತ್ರವನ್ನು ಓದಿದನು. ಅಲ್ಲಿ ಗಂಡಸರು ಮಾತ್ರವಲ್ಲ, ಹೆಂಗಸರೂ ಕೇಳಿ ಗ್ರಹಿಸಬಲ್ಲ ಎಲ್ಲರೂ ಇದ್ದರು. ಲೇವಿಯರು ಅರ್ಥವನ್ನು ವಿವರಿಸಿದರು. ಜನರು ಕೇಳಿ ಅತ್ತರು. ಆಗ ಅವರಿಗೆ ದೊರೆತ ಅಪ್ಪಣೆ ಏನೆಂದರೆ, ಅಳಬೇಡಿರಿ, ಉಂಡು ಕುಡಿದು ಸಂತೋಷಪಡಿರಿ, ಏನೂ ಇಲ್ಲದವರಿಗೆ ಒಂದು ಪಾಲನ್ನು ಕಳುಹಿಸಿರಿ ಎಂಬುದೇ. ಓದುವಿಕೆಯು ಬೈಲಿನಲ್ಲಿಯೇ ಮುಗಿಯದೆ ಬಡವನ ಮನೆಯ ಅಡಿಗೆಯ ತನಕ ನಡೆಯಿತೆಂಬುದನ್ನು ಗಮನಿಸಿರಿ.

ನಮ್ಮ ಕರ್ತನೂ ತನ್ನ ವಾಡಿಕೆಯ ಪ್ರಕಾರ ಸಬ್ಬತ್ ದಿನದಲ್ಲಿ ನಜರೇತಿನ ಸಭಾಮಂದಿರಕ್ಕೆ ಹೋಗಿ ಓದುವುದಕ್ಕೆ ಎದ್ದು ನಿಂತನು. ಯೆಶಾಯನ ಗ್ರಂಥವನ್ನು ಆತನ ಕೈಗೆ ಕೊಟ್ಟರು. ಬಡವರಿಗೆ ಸಾರೋಣವಾಗುವ ಶುಭವರ್ತಮಾನವನ್ನು ಆತನು ಓದಿದಾಗ ಊರಿನವರು ಮೆಚ್ಚಿ ಆಶ್ಚರ್ಯಪಟ್ಟರು. ಆದರೆ ದೇವರ ಕೃಪೆಯು ಸೀದೋನಿನ ವಿಧವೆಗೂ ಸಿರಿಯದ ನಾಮಾನನಿಗೂ ದೊರೆತದ್ದನ್ನು ಆತನು ನೆನಪಿಗೆ ತಂದ ಕೂಡಲೆ, ಅದೇ ಜನರು ರೋಷಗೊಂಡು ಆತನನ್ನು ಗುಡ್ಡದ ಅಂಚಿಗೆ ನೂಕಿಕೊಂಡು ಹೋದರು. ಅವರು ವೇದವನ್ನು ಅರಿಯದವರಲ್ಲ, ವಾರವಾರವೂ ಕೇಳಿದವರೇ. ತಮಗೆ ಹಿತವಾದ ಅರ್ಧವನ್ನು ಮಾತ್ರ ಕೇಳುವ ಕಿವಿ ಅವರದಾಗಿತ್ತು. ಈ ಅಪಾಯವು ನಮಗೂ ಉಂಟು.

ಕ್ರಿ.ಶ. 150ರ ಸುಮಾರಿಗೆ ರೋಮ್ ಪಟ್ಟಣದಲ್ಲಿದ್ದ ಯುಸ್ತಿನನೆಂಬ ಭಕ್ತನು, ತನ್ನ ಕಾಲದ ಕ್ರೈಸ್ತರು ಆದಿತ್ಯವಾರದಲ್ಲಿ ಹೇಗೆ ಆರಾಧಿಸುತ್ತಿದ್ದರೆಂದು ಬರೆದಿಟ್ಟಿದ್ದಾನೆ. ಪಟ್ಟಣದವರೂ ಹಳ್ಳಿಯವರೂ ಒಂದೇ ಕಡೆ ಕೂಡುವರು. ಅಪೊಸ್ತಲರ ಬರಹಗಳನ್ನಾಗಲಿ ಪ್ರವಾದಿಗಳ ಗ್ರಂಥಗಳನ್ನಾಗಲಿ ಹೊತ್ತು ಇರುವಷ್ಟು ಓದುವರು. ಬಳಿಕ ನಾಯಕನು ಬುದ್ಧಿ ಹೇಳುವನು. ಪ್ರಾರ್ಥನೆಯೂ ರೊಟ್ಟಿ ದ್ರಾಕ್ಷಾರಸಗಳ ಹಂಚುವಿಕೆಯೂ ಆಗುವುದು. ಉಳ್ಳವರು ಕೊಟ್ಟ ಕಾಣಿಕೆಯಿಂದ ಅನಾಥರಿಗೂ ವಿಧವೆಯರಿಗೂ ರೋಗಿಗಳಿಗೂ ಸೆರೆಯಲ್ಲಿರುವವರಿಗೂ ನೆರವಾಗುವುದು. ಇಲ್ಲಿಯೂ ಓದುವಿಕೆಯು ಕೊಡುವಿಕೆಯಲ್ಲಿಯೇ ಕೊನೆಗೊಂಡಿತು.

2. ನೇಮಕವಾದ ಪಾಠಗಳು ಏಕೆ?

ಕಾಲಕ್ರಮದಲ್ಲಿ ಸಭೆಯು ಹಬ್ಬಗಳಿಗೂ ಆದಿತ್ಯವಾರಗಳಿಗೂ ತಕ್ಕ ಪಾಠಗಳನ್ನು ಗೊತ್ತುಮಾಡಿತು. ಆದರೆ ಮನುಷ್ಯರ ಉದಾಸೀನದಿಂದ ಈ ಕ್ರಮವೂ ಕೆಡುತ್ತಾ ಬಂದಿತು. 1549ರಲ್ಲಿ ಇಂಗ್ಲೆಂಡಿನ ಸಭೆಯ ಮೊದಲನೆಯ ಪ್ರಾರ್ಥನಾಪುಸ್ತಕವು ಹೊರಟಾಗ ಅದರ ಮುನ್ನುಡಿಯಲ್ಲಿ ಒಂದು ದೂರು ಕಾಣುತ್ತದೆ: ಆಗಮನಕಾಲದಲ್ಲಿ ಯೆಶಾಯನ ಗ್ರಂಥವನ್ನು ಆರಂಭಿಸುವರು, ಮೂರು ನಾಲ್ಕು ಅಧ್ಯಾಯಗಳಾದ ಮೇಲೆ ಉಳಿದದ್ದನ್ನು ಬಿಟ್ಟುಬಿಡುವರು ಎಂಬುದೇ ಅದರ ತಾತ್ಪರ್ಯ. ಜನರಿಗೆ ತಿಳಿಯುವ ಭಾಷೆಯಲ್ಲಿ, ತುಂಡುತುಂಡಾಗಿ ಅಲ್ಲದೆ ಕ್ರಮವಾಗಿ ಓದಬೇಕೆಂಬುದು ಆ ಸುಧಾರಕರ ಅಪೇಕ್ಷೆಯಾಗಿತ್ತು. ಜರ್ಮನಿಯಲ್ಲಿ ಲೂಥರನೂ ವರುಷದ ಹಳೆಯ ಸುವಾರ್ತಾಪಾಠಗಳನ್ನು ತೆಗೆದುಹಾಕದೆ ಉಳಿಸಿಕೊಂಡು ಅವುಗಳ ಮೇಲೆ ಪ್ರಸಂಗಿಸಿದನು.

ನಮ್ಮ ಕಾಲಕ್ಕೆ ಸಮೀಪವಾಗಿ, 1969ರಲ್ಲಿ ರೋಮನ್ ಕಥೋಲಿಕ ಸಭೆಯು ಮೂರು ವರುಷಗಳ ಪಾಠಪಟ್ಟಿಯನ್ನು ಹೊರಡಿಸಿತು. ಅದನ್ನು ಅನುಸರಿಸಿ ಪ್ರಾಟೆಸ್ಟಂಟ್ ಸಭೆಗಳವರು ಕೂಡಿ ಸಿದ್ಧಪಡಿಸಿದ ಪಟ್ಟಿಯು ತಿದ್ದುಪಡಿಯಾಗಿ 1992ರಲ್ಲಿ ಪ್ರಕಟವಾಯಿತು. ಅದರಲ್ಲಿ ಒಂದು ವರುಷ ಮತ್ತಾಯನದು, ಒಂದು ಮಾರ್ಕನದು, ಒಂದು ಲೂಕನದು. ಯೋಹಾನನ ಸುವಾರ್ತೆಯು ವಿಶೇಷವಾಗಿ ಶ್ರಮೆಯ ಕಾಲದಲ್ಲಿಯೂ ಪುನರುತ್ಥಾನದ ಕಾಲದಲ್ಲಿಯೂ ಓದಲ್ಪಡುವುದು. ಯಾವುದು ಯಾರ ವರುಷವೆಂದು ತಿಳಿಯುವುದಕ್ಕೆ ಒಂದು ಸುಲಭ ಲೆಕ್ಕವುಂಟು. ಆಗಮನಕಾಲವು ಯಾವ ಇಸವಿಯಲ್ಲಿ ಆರಂಭವಾಗುವುದೋ ಆ ಸಂಖ್ಯೆಯನ್ನು 3ರಿಂದ ಭಾಗಿಸಿದರೆ, ಏನೂ ಉಳಿಯದಿದ್ದರೆ ಮತ್ತಾಯನ ವರುಷ. 1 ಉಳಿದರೆ ಮಾರ್ಕನದು. 2 ಉಳಿದರೆ ಲೂಕನದು. ಹೀಗೆ 2025ರ ಆಗಮನಕಾಲದಿಂದ ಆರಂಭವಾದದ್ದು ಮತ್ತಾಯನ ವರುಷ. ಎಲ್ಲಾ ಸಭೆಗಳೂ ಈ ಒಂದೇ ಪಟ್ಟಿಯನ್ನು ಹಿಡಿದವುಗಳಲ್ಲ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆಯು ಸ್ಥಾಪಿತವಾದಾಗ ಪಾಠಪಟ್ಟಿಗೆ ರೂಢಿಯಾದವರೂ, ಬೋಧಕರು ಆರಿಸಿದ ಭಾಗವನ್ನೇ ಕೇಳಿ ರೂಢಿಯಾದವರೂ ಒಂದೇ ಮನೆಯವರಾದರು. ಪಟ್ಟಿಗಳು ಬೇರೆಯಾದರೂ ಅವುಗಳ ಉದ್ದೇಶವು ಒಂದೇ.

ಆ ಉದ್ದೇಶವೇನು? ಮನುಷ್ಯನು ತಾನೇ ಆರಿಸಿಕೊಂಡರೆ ತನಗೆ ರುಚಿಯಾದದ್ದನ್ನೇ ಆರಿಸುವನು. ಬೋಧಕನಾದರೂ ಅಷ್ಟೇ, ಸಭೆಯವರಾದರೂ ಅಷ್ಟೇ. ಕುರುಬನ ಕೀರ್ತನೆಯೂ, ದುಡಿದು ಬಳಲಿದವರನ್ನು ಕರ್ತನು ಕರೆಯುವ ಮಾತೂ ನಮಗೆ ಎಷ್ಟು ಸಾರಿ ಕೇಳಿದರೂ ಸಾಲದು. ಅವು ಅಮೂಲ್ಯವೇ ಸರಿ. ಆದರೆ ಅವುಗಳನ್ನೇ ಕೇಳುತ್ತಿದ್ದರೆ ನಮ್ಮ ತಪ್ಪನ್ನು ಮುಟ್ಟುವ ಮಾತು ಎಂದಿಗೂ ಬಾರದು. ಇದಲ್ಲದೆ, ಬೋಧಕರು ತಾವೇ ಆರಿಸಿ ಕಠಿಣವಾದ ಭಾಗವೊಂದನ್ನು ಓದಿದರೆ, ಇವರು ನನ್ನನ್ನೇ ಮನಸ್ಸಿನಲ್ಲಿಟ್ಟುಕೊಂಡು ಓದಿದರು ಎಂದು ಒಬ್ಬನು ಕೋಪಿಸಿಕೊಳ್ಳುವನು. ಆ ಭಾಗವು ದೇಶದೇಶಗಳ ಸಭೆಗಳಲ್ಲಿ ಅದೇ ದಿನಕ್ಕೆ ನೇಮಕವಾಗಿದ್ದರೆ ಆ ನೆವವು ನಿಲ್ಲದು. ಆಗ ವಾಕ್ಯಕ್ಕೂ ಆ ಮನುಷ್ಯನಿಗೂ ನಡುವೆ ಬೇರೆ ಯಾರೂ ಇರುವುದಿಲ್ಲ.

3. ವರುಷದ ಕಾಲಗಳೂ ನಮ್ಮ ಹೊಲದ ಕಾಲಗಳೂ

ಸಭೆಯ ವರುಷವು ಜನವರಿಯಲ್ಲಿ ಅಲ್ಲ, ಆಗಮನಕಾಲದಲ್ಲಿ, ಅಂದರೆ ನವೆಂಬರ್ 30ಕ್ಕೆ ಅತಿ ಸಮೀಪವಾದ ಆದಿತ್ಯವಾರದಲ್ಲಿ ಆರಂಭವಾಗುತ್ತದೆ. ಮೈಸೂರು ಸೀಮೆಯ ಹಳ್ಳಿಗಳಲ್ಲಿ ಅದು ರಾಗಿಯನ್ನು ಕೊಯ್ದು ಮೆದೆ ಹಾಕುವ ಕಾಲ. ಮತ್ತಾಯನ ವರುಷದಲ್ಲಿ ಆಗಮನದ ಎರಡನೆಯ ಆದಿತ್ಯವಾರ ಸ್ನಾನಿಕನಾದ ಯೋಹಾನನ ಮಾತನ್ನು ಓದುವರು. ಬರುವಾತನು ಕಣದಲ್ಲಿ ನಿಂತು ತೂರುವವನಂತೆ ಕಾಳನ್ನೂ ಹೊಟ್ಟನ್ನೂ ಬೇರೆಬೇರೆ ಮಾಡುವನೆಂದು ಅವನು ಎಚ್ಚರಿಸುತ್ತಾನೆ. ಕಣದ ಕೆಲಸವನ್ನು ಬಲ್ಲವನಿಗೆ ಈ ಮಾತಿನ ಅರ್ಥವನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ: ರಾಶಿ ದೊಡ್ಡದಾಗಿ ಕಂಡರೂ ಗಾಳಿಗೆ ಹಿಡಿದ ಮೇಲೆ ಉಳಿಯುವುದೆಷ್ಟೋ ಅಷ್ಟೇ ಅವನ ಬೆಳೆ.

ಕ್ರಿಸ್ತಜನನದ ಹಬ್ಬದಲ್ಲಿ ದೀಪಗಳೂ ಗಾಯನವೂ ಮನೆಯಲ್ಲಿ ಹೊಸ ಬಟ್ಟೆಯೂ ಇರುತ್ತವೆ. ಆದರೆ ಅದೇ ವರುಷದಲ್ಲಿ ಹಬ್ಬದ ಮುಂದಿನ ಆದಿತ್ಯವಾರಕ್ಕೆ ನೇಮಕವಾದ ಪಾಠವು ಹೆರೋದನು ಬೇತ್ಲೆಹೇಮಿನ ಕೂಸುಗಳನ್ನು ಕೊಲ್ಲಿಸಿದ್ದು, ಯೋಸೇಫನು ಮಗುವನ್ನೂ ತಾಯಿಯನ್ನೂ ಕರೆದುಕೊಂಡು ರಾತ್ರಿಯಲ್ಲಿ ಐಗುಪ್ತಕ್ಕೆ ಓಡಿದ್ದು. ಹಬ್ಬದ ವಾರದಲ್ಲಿ ಇದನ್ನು ಯಾರು ತಾನೇ ಆರಿಸಿಯಾರು? ಆದರೂ ಆ ವರುಷ ಮಗುವನ್ನು ಮಣ್ಣುಮಾಡಿದ ತಾಯಿಯೊಬ್ಬಳು ನಮ್ಮ ನಡುವೆ ಕುಳಿತಿರಬಹುದು. ಎಲ್ಲರೂ ಹಾಡುವಾಗ ಅವಳ ಬಾಯಿ ಏಳದು. ಈ ಪಾಠವು ಓದಲ್ಪಟ್ಟಾಗ, ಕ್ರಿಸ್ತನು ಹುಟ್ಟಿದ ಕಥೆಯೊಳಗೇ ತನ್ನಂಥ ತಾಯಂದಿರ ಅಳುವೂ ಬರೆಯಲ್ಪಟ್ಟಿದೆಯೆಂದು ಅವಳು ತಿಳಿಯುವಳು.

ಶ್ರಮೆಯ ಕಾಲವು ಬೂದಿ ಬುಧವಾರದಲ್ಲಿ ಆರಂಭವಾಗುವುದು. ಆ ದಿನದ ಸುವಾರ್ತೆಯು ಜನರು ನೋಡಲೆಂದು ಧರ್ಮಕೊಡುವುದನ್ನೂ ಪ್ರಾರ್ಥಿಸುವುದನ್ನೂ ಉಪವಾಸಮಾಡುವುದನ್ನೂ ಖಂಡಿಸುತ್ತದೆ. ಹೀಗೆ ಉಪವಾಸದ ಮೊದಲನೆಯ ದಿನದಲ್ಲಿಯೇ ಉಪವಾಸದ ಹೆಮ್ಮೆಯು ಮುರಿಯಲ್ಪಡುವುದು. ಗರಿಗಳ ಆದಿತ್ಯವಾರವೂ ಶುಭಶುಕ್ರವಾರವೂ ಕಳೆದು ಪುನರುತ್ಥಾನದ ಹಬ್ಬವು ಬಂದಾಗ ದೇವಾಲಯವು ತುಂಬಿ ತುಳುಕುವುದು. ಮುಂದಿನ ಆದಿತ್ಯವಾರವೋ ಚಾಪೆಗಳು ಬರಿದಾಗಿರುವವು. ಆ ಬರಿದಾದ ಆದಿತ್ಯವಾರಕ್ಕೆ ಮೂರು ವರುಷಗಳಲ್ಲಿಯೂ ತಪ್ಪದೆ ನೇಮಕವಾದ ಪಾಠವು ತೋಮನದು. ಕರ್ತನು ಬಂದಾಗ ತೋಮನು ಅಲ್ಲಿರಲಿಲ್ಲ. ಇತರರು ಹೇಳಿದ್ದನ್ನು ನಂಬಲಿಲ್ಲ. ಎಂಟು ದಿನಗಳಾದ ಮೇಲೆ ಅವರ ಸಂಗಡ ಕೂಡಿದ್ದಾಗ ಅವನಿಗೂ ದರ್ಶನವಾಯಿತು. ಬಾರದೆ ಹೋದವನನ್ನು ಕರ್ತನು ತೊರೆದುಬಿಡಲಿಲ್ಲ. ಅವನ ಜೊತೆಗಾರರೂ ತೊರೆಯಲಿಲ್ಲ. ಆ ದಿನ ದೇವಾಲಯಕ್ಕೆ ಬಂದ ನಾವು, ಬಾರದವನ ಮನೆಗೆ ಹೋಗಿ ಕಂಡುಬರುವುದೇ ಆ ಪಾಠಕ್ಕೆ ತಕ್ಕ ಉತ್ತರ.

ಪುನರುತ್ಥಾನದ ದಿನವೂ ಸೇರಿ ಎಣಿಸಿದರೆ 50ನೆಯ ದಿನವು ಪಂಚಾಶತ್ತಮ ಹಬ್ಬ. ಅದು ಮೇ 10ಕ್ಕೂ ಜೂನ್ 13ಕ್ಕೂ ನಡುವೆ ಬೀಳುತ್ತದೆ. ಇಸ್ರಾಯೇಲ್ಯರಿಗೆ ಅದು ಗೋದಿಯ ಪ್ರಥಮಫಲದ ಹಬ್ಬವಾಗಿತ್ತು. ನಮಗಾದರೋ ಅದು ಮುಂಗಾರಿಗೆ ಕಾದು ಹೊಲವನ್ನು ಹಸನುಮಾಡುವ ಹೊತ್ತು. ಅಲ್ಲಿಂದ ಮುಂದಕ್ಕೆ ತ್ರಯೇಕ ದೇವರ ಆದಿತ್ಯವಾರ ಕಳೆದ ಮೇಲೆ ಆಗಮನಕಾಲದ ತನಕ, ವರುಷದ ಸುಮಾರು ಅರ್ಧಭಾಗ, ದೊಡ್ಡ ಹಬ್ಬಗಳಿಲ್ಲದ ಆದಿತ್ಯವಾರಗಳು. ಅನೇಕ ಸಭೆಗಳಲ್ಲಿ ಈ ಕಾಲಕ್ಕೆ ಹಸುರು ಬಣ್ಣದ ವಸ್ತ್ರವನ್ನು ಹಾಸುವರು. ಬಿತ್ತಿದ್ದು ಮೊಳೆತು ಬೆಳೆಯುವ ಕಾಲವೂ ಅದೇ. ಮತ್ತಾಯನ ವರುಷದಲ್ಲಿ ಜುಲೈ ತಿಂಗಳಿನ ನಡುವೆ ಬಿತ್ತುವವನ ಸಾಮ್ಯವನ್ನೂ ಮರುವಾರ ಗೋದಿ ಮತ್ತು ಹಣಜಿಯ ಸಾಮ್ಯವನ್ನೂ ಓದುವರು. ವಾರವೆಲ್ಲಾ ಬಗ್ಗಿ ಕಳೆ ಕಿತ್ತು ಬಂದವರಿಗೆ, ಕೀಳಬೇಡಿರಿ, ಸುಗ್ಗಿಯ ತನಕ ಎರಡೂ ಬೆಳೆಯಲಿ ಎಂದು ಯಜಮಾನನು ಹೇಳುವುದು ವಿಚಿತ್ರವಾಗಿ ಕೇಳುವುದು. ಆದರೆ ಪೈರಿನಂತೆಯೇ ಕಾಣುವ ಕಳೆಯನ್ನು ಕಂಡವರಿಗೆ ಯಜಮಾನನ ಭಯವು ತಿಳಿದೀತು. ಹೊಲದ ಕಳೆಯನ್ನು ಕೀಳುವುದು ನಮ್ಮ ಕೆಲಸ; ಇಂಥವನು ಗೋದಿ, ಇಂಥವನು ಹಣಜಿ ಎಂದು ನೆರೆಯವನನ್ನು ತೀರ್ಪುಮಾಡಿ ಸಭೆಯಿಂದ ಕಿತ್ತೆಸೆಯುವುದು ನಮ್ಮ ಕೆಲಸವಲ್ಲ.

ಈ ಪಟ್ಟಿಗಳನ್ನು ಮಾಡಿದವರು ನಮ್ಮ ಮಳೆಬೆಳೆಗಳನ್ನು ನೋಡಿ ಮಾಡಲಿಲ್ಲ. ಕಾಲವು ಕಾಲಕ್ಕೆ ಕೂಡಿಬಂದಲ್ಲಿ ಅದನ್ನು ಸಹಾಯವೆಂದು ತೆಗೆದುಕೊಳ್ಳೋಣ. ಕೂಡಿಬಾರದಿದ್ದಲ್ಲಿ ವಾಕ್ಯವು ಕಡಿಮೆಯಾಗದು. ಮಳೆಯಿಲ್ಲದ ವರುಷದಲ್ಲಿಯೂ ಹಬಕ್ಕೂಕನು ನಮ್ಮ ಸಂಗಡ ಇದ್ದಾನೆ: ಹೊಲಗಳು ಆಹಾರ ಕೊಡದೆ ಹಟ್ಟಿಯಲ್ಲಿ ದನಗಳಿಲ್ಲದೆ ಹೋದರೂ ದೇವರಲ್ಲಿ ಉಲ್ಲಾಸಿಸುವೆನೆಂದವನು ಹಸಿವನ್ನು ಅರಿಯದವನಲ್ಲ.

4. ನಾವು ಆರಿಸದ ಪಾಠಗಳು

ಈಗ ಮೂರು ಪಾಠಗಳನ್ನು ನೋಡೋಣ. ಯೇಸುವು ಬೆಟ್ಟದ ಮೇಲೆ ಮಾಡಿದ ಉಪದೇಶದಿಂದ, ಪ್ರಕಟನೆಯ ಹಬ್ಬದ ನಂತರದ ಒಂದು ಆದಿತ್ಯವಾರಕ್ಕೆ ನೇಮಕವಾದ ಭಾಗ ಮತ್ತಾಯ 5ನೆಯ ಅಧ್ಯಾಯದ 21ನೆಯ ವಚನದಿಂದ ಆರಂಭವಾಗುತ್ತದೆ. ಕಾಣಿಕೆ ತಂದವನು ತನ್ನ ಸಹೋದರನಿಗೆ ತನ್ನ ಮೇಲೆ ಏನೋ ಇದೆಯೆಂದು ನೆನಸಿಕೊಂಡರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಹೋಗಿ ಸಮಾಧಾನವಾಗಬೇಕೆಂದು ಕರ್ತನು ಹೇಳುತ್ತಾನೆ. ಹೊಲದ ಬದುವಿಗಾಗಿ ಅಣ್ಣತಮ್ಮಂದಿರು ಇಬ್ಬರು ಮೂರು ವರುಷ ಮಾತು ಬಿಟ್ಟು, ಒಂದೇ ದೇವಾಲಯದಲ್ಲಿ ಒಬ್ಬನು ಈ ಗೋಡೆಗೂ ಇನ್ನೊಬ್ಬನು ಆ ಗೋಡೆಗೂ ಕುಳಿತಿರುವರೆಂದು ಎಣಿಸಿರಿ. ಈ ಪಾಠವು ಓದಲ್ಪಟ್ಟ ದಿನ ಅವರು ಏನು ಮಾಡತಕ್ಕದ್ದು? ಆದಿತ್ಯವಾರದ ಕಾಣಿಕೆಯು ಬದುವಿನ ತನಕ ನಡೆದು ಹೋಗಬೇಕಾಗಿದೆ.

ಮಾರ್ಕನ ವರುಷದಲ್ಲಿ, ಸೆಪ್ಟೆಂಬರ್ ತಿಂಗಳಿನ ಆರಂಭದಲ್ಲಿ ಯಾಕೋಬನ ಪತ್ರಿಕೆಯ 2ನೆಯ ಅಧ್ಯಾಯವು ಬರುತ್ತದೆ. ಚಿನ್ನದ ಉಂಗುರದವನಿಗೆ ಒಳ್ಳೆಯ ಸ್ಥಳವನ್ನು ತೋರಿಸಿ, ಕೊಳೆಯಾದ ಬಟ್ಟೆಯ ಬಡವನಿಗೆ ಅಲ್ಲಿ ನಿಲ್ಲು ಎನ್ನುವ ಸಭೆಯನ್ನು ಅಪೊಸ್ತಲನು ಗದರಿಸುತ್ತಾನೆ. ನಮ್ಮ ದೇಶದಲ್ಲಿ ಉಂಗುರಕ್ಕಿಂತ ಹಳೆಯದಾದ ಭೇದವೊಂದುಂಟು. ಯಾವ ಕೇರಿಯವನು, ಯಾವ ಜಾತಿಯಿಂದ ಬಂದವನು ಎಂದು ಕೇಳಿ ಚಾಪೆಯನ್ನೂ ಪಾತ್ರೆಯನ್ನೂ ಹೆಣ್ಣು ಕೊಟ್ಟು ತರುವುದನ್ನೂ ಗೊತ್ತುಮಾಡುವ ಸಭೆಯು ದೀಕ್ಷಾಸ್ನಾನವಾದ ಮೇಲೂ ಹಳೆಯ ಬಟ್ಟೆಯನ್ನು ಕಳಚದೆ ಇರುವ ಸಭೆ. ಕರ್ತನ ಪಂಕ್ತಿಯಲ್ಲಿ ಒಂದೇ ಪಾತ್ರೆಯಿಂದ ಕುಡಿದು, ಮದುವೆಯ ಪಂಕ್ತಿಯಲ್ಲಿ ಬೇರೆಬೇರೆ ಕುಳಿತರೆ, ಯಾಕೋಬನ ಪಾಠವನ್ನು ನಾವು ಇನ್ನೂ ಕೇಳಿದವರಲ್ಲ.

ಲೂಕನ ವರುಷದಲ್ಲಿ, ಅದೇ ಸೆಪ್ಟೆಂಬರ್ ತಿಂಗಳಿನ ಮೂರನೆಯ ಅಥವಾ ನಾಲ್ಕನೆಯ ವಾರದಲ್ಲಿ ಆಮೋಸನ 8ನೆಯ ಅಧ್ಯಾಯವು ಓದಲ್ಪಡುತ್ತದೆ. ಸಬ್ಬತ್ ಯಾವಾಗ ಮುಗಿದೀತೋ, ಧಾನ್ಯವನ್ನು ಯಾವಾಗ ಮಾರೇವೋ ಎಂದು ಆತುರಪಡುತ್ತಾ, ಅಳತೆಯನ್ನು ಕುಗ್ಗಿಸಿ ಬೆಲೆಯನ್ನು ಏರಿಸುವವರನ್ನು ಪ್ರವಾದಿಯು ಎದುರಿಸುತ್ತಾನೆ. ನಮ್ಮಲ್ಲಿ ಅನೇಕರು ಮೋಸದ ತಕ್ಕಡಿಯಿಂದ ಪೆಟ್ಟುತಿಂದವರೇ. ಅವರಿಗೆ ಈ ಪಾಠವು ಸಮಾಧಾನವನ್ನು ಕೊಡುವುದು. ಆದರೆ ಕೂಲಿಯವರಿಗೆ ಬಳ್ಳದಲ್ಲಿ ಅಳೆದುಕೊಡುವ ಕೈಯೂ, ನೆರೆಯವನಿಗೆ ಬಡ್ಡಿಗೆ ಹಣ ಕೊಡುವ ಕೈಯೂ ನಮ್ಮ ನಡುವೆ ಇರುವುದಾದರೆ, ಪ್ರವಾದಿಯು ಅವರನ್ನೂ ನೋಡಿ ಮಾತಾಡುತ್ತಾನೆ.

ಈ ಮೂರು ಪಾಠಗಳನ್ನು ಯಾವ ಸಭೆಯೂ ತನ್ನ ಇಷ್ಟದಿಂದ ಆರಿಸಿಕೊಳ್ಳುವುದು ಕಷ್ಟ. ವರುಷಕ್ರಮವು ಅವುಗಳನ್ನು ನಮ್ಮ ಮುಂದೆ ತಂದಿಡುತ್ತದೆ. ಅದೇ ಅದರ ದೊಡ್ಡ ಉಪಕಾರ.

5. ಕೇಳುವ ಕ್ರಮ

ಬಳ್ಳಾರಿಯಲ್ಲಿ ಸೇವೆಮಾಡಿದ ಜಾನ್ ಹ್ಯಾಂಡ್ಸ್ ಎಂಬ ಮಿಷನರಿಯ ಮತ್ತು ಆತನ ಜೊತೆಗಾರರ ಬಹುಕಾಲದ ಶ್ರಮದಿಂದ 1831ರಲ್ಲಿ ಸಂಪೂರ್ಣ ಸತ್ಯವೇದವು ಕನ್ನಡದಲ್ಲಿ ಹೊರಬಂದಿತು. ಅಂದಿನಿಂದ ಕನ್ನಡಿಗನು ದೇವರ ವಾಕ್ಯವನ್ನು ತನ್ನ ಮನೆಯ ಮಾತಿನಲ್ಲಿಯೇ ಆದಿಯಿಂದ ಅಂತ್ಯದ ತನಕ ಕೇಳಬಲ್ಲನು. ಈ ಭಾಗ್ಯವನ್ನು ಹಗುರವೆಂದು ಎಣಿಸಬಾರದು. ಆದಕಾರಣ ಕೆಲವು ಸಣ್ಣ ಸಂಗತಿಗಳನ್ನು ಅಭ್ಯಾಸಕ್ಕೆ ತಂದುಕೊಳ್ಳೋಣ.

ಮೊದಲನೆಯದು, ಮುಂದಿನ ಆದಿತ್ಯವಾರದ ಪಾಠಗಳು ಯಾವುವೆಂದು ಉಪದೇಶಿಗಳನ್ನಾಗಲಿ ಸಭಾಪಾಲಕರನ್ನಾಗಲಿ ಕೇಳಿ ತಿಳಿದುಕೊಂಡು, ಶನಿವಾರ ರಾತ್ರಿ ಊಟವಾದ ಮೇಲೆ ಮನೆಯವರೆಲ್ಲರೂ ಕೂಡಿ ಓದುವುದು. ಹದ ಮಾಡದ ಹೊಲದಲ್ಲಿ ಬಿತ್ತಿದರೆ ಏನಾಗುವುದೆಂದು ನಮಗೆ ತಿಳಿದೇ ಇದೆ.

ಎರಡನೆಯದು, ದೇವಾಲಯದಲ್ಲಿ ಓದುವವನು ಆ ಭಾಗವನ್ನು ಮುಂಚೆಯೇ ಎರಡು ಮೂರು ಸಾರಿ ಗಟ್ಟಿಯಾಗಿ ಓದಿ ನೋಡಿಕೊಳ್ಳುವುದು. ಹಿಂದಿನ ಸಾಲಿನಲ್ಲಿ ಕುಳಿತ ಮುದುಕಿಗೆ ಪುಸ್ತಕವಿಲ್ಲ. ಇವನ ಬಾಯಿಯೇ ಅವಳ ಪುಸ್ತಕ. ಸಭಾಪಾಲಕರು ತಿಂಗಳಿಗೆ ಒಂದೇ ಸಾರಿ ಬರುವ ಊರುಗಳಲ್ಲಿ ಈ ಸೇವೆಯು ಇನ್ನೂ ಹೆಚ್ಚಿನದು. ಅಲ್ಲಿ ಪ್ರಸಂಗವಿಲ್ಲದಿದ್ದರೂ ಸ್ಪಷ್ಟವಾಗಿ ಓದಿದ ನಾಲ್ಕು ಪಾಠಗಳು ಸಭೆಯನ್ನು ಹಸಿವಿನಿಂದ ಸಾಯಗೊಡಿಸವು.

ಮೂರನೆಯದು, ಪಾಠವು ನಮ್ಮ ಮನಸ್ಸಿಗೆ ಒಗ್ಗದಿದ್ದಾಗ, ಇದು ಇಂಥವನಿಗೆ ತಕ್ಕ ಮಾತು ಎಂದು ಅತ್ತ ಇತ್ತ ನೋಡದೆ, ಇದರಲ್ಲಿ ನನಗೇನು ಎಂದು ಕೇಳಿಕೊಳ್ಳುವುದು.

ನಾಲ್ಕನೆಯದು, ಪಾಠಪಟ್ಟಿಯು ಮನುಷ್ಯರು ಮಾಡಿದ್ದು. ಮೂರು ವರುಷಗಳಲ್ಲಿಯೂ ಅದು ಸತ್ಯವೇದವನ್ನೆಲ್ಲಾ ಮುಗಿಸದು. ಆದುದರಿಂದ ಪಟ್ಟಿಯಲ್ಲಿ ಬಿಟ್ಟುಹೋದ ಹಿಂದುಮುಂದಿನ ವಚನಗಳನ್ನು ಮನೆಯಲ್ಲಿ ಓದಿಕೊಳ್ಳುವುದು.

ಐದನೆಯದು, ಓದಿದ ವಾರದಲ್ಲಿಯೇ ಅದಕ್ಕೆ ತಕ್ಕ ಒಂದು ಕೆಲಸವನ್ನು ಮಾಡಿಬಿಡುವುದು. ವಾಕ್ಯವನ್ನು ಕೇಳಿ ಅದರಂತೆ ನಡೆಯದವನನ್ನು ಯಾಕೋಬನು ಕನ್ನಡಿಯಲ್ಲಿ ಮುಖ ನೋಡಿ ಹೋದ ಕೂಡಲೆ ಮರೆಯುವವನಿಗೆ ಹೋಲಿಸಿದ್ದಾನೆ. ಮುಖದಲ್ಲಿ ಮಸಿಯನ್ನು ಕಂಡ ಮೇಲೆ ತೊಳೆದುಕೊಳ್ಳದೆ ಹೋಗುವವನಿಗೆ ಕನ್ನಡಿಯಿಂದ ಪ್ರಯೋಜನವೇನು?

ಎಜ್ರನ ಕಾಲದ ಜನರು ಕೇಳಿದರು, ಅತ್ತರು, ಉಂಡರು, ಇಲ್ಲದವರಿಗೆ ಪಾಲು ಕಳುಹಿಸಿದರು. ಈ ನಾಲ್ಕೂ ನಮ್ಮ ಸಭೆಗಳಲ್ಲಿ ಕಂಡುಬಂದರೆ ವರುಷದ ಪಾಠಗಳು ಸಫಲವಾದವೆಂದು ತಿಳಿಯೋಣ.

ಮನೆಯಲ್ಲಿ ಮಾತಾಡಿಕೊಳ್ಳುವುದಕ್ಕೆ ಪ್ರಶ್ನೆಗಳು

ಕಳೆದ ಆದಿತ್ಯವಾರ ಓದಿದ ಸುವಾರ್ತಾಭಾಗವು ಯಾವುದು? ಮನೆಯವರಲ್ಲಿ ಎಷ್ಟು ಮಂದಿಗೆ ನೆನಪಿದೆ?

ನಜರೇತಿನವರು ಮೊದಲು ಮೆಚ್ಚಿ ಆಮೇಲೆ ಕೋಪಗೊಂಡದ್ದೇಕೆ? ನಮಗೆ ಕೋಪ ಬರಿಸಿದ ಪಾಠವು ಯಾವುದಾದರೂ ಉಂಟೋ?

ತೋಮನಂತೆ ಬಾರದೆ ಉಳಿದವರು ನಮ್ಮ ಸಭೆಯಲ್ಲಿ ಯಾರು? ಈ ವಾರ ಅವರ ಮನೆಗೆ ಹೋಗುವವರು ಯಾರು?

ನಮ್ಮ ಕಾಣಿಕೆಯನ್ನು ಬಿಟ್ಟು ಮೊದಲು ಹೋಗಬೇಕಾದ ಬಾಗಿಲು ಯಾವುದು?